ಕೇಳಿದರೆ ಸವೆತ, ಕೇಳದಿದ್ದರೆ ಬೂಷ್ಟು

ಮನುಷ್ಯ ಕೂಡಿಡುವ ವಸ್ತುಗಳಲ್ಲಿ ಎರಡು ಬಗೆ. ನಾಣ್ಯ, ಅಂಚೆಚೀಟಿಗಳಂಥವು ಮೊದಲನೆಯ ಬಗೆ. ಅವನ್ನು ಎಷ್ಟು ಸಲ ನೋಡಿದರೂ ನೋಟದಿಂದ ಅವು ಸವೆಯುವುದಿಲ್ಲ. ಗ್ರಾಮಾಫೋನ್ ತಟ್ಟೆ ಎರಡನೆಯ ಬಗೆಯದು. ಅದನ್ನು ಅನುಭವಿಸಬೇಕಾದರೆ ಅದರ ಮೈಮೇಲೆ ಮುಳ್ಳನ್ನು ಎಳೆಯಲೇಬೇಕು. ಎಳೆದಷ್ಟು ಸಲವೂ ಅದು ಕೊಂಚ ಸವೆಯುತ್ತದೆ. ಹಾಗೆಂದು ಮುಟ್ಟದೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ, ನಮ್ಮ ಮಲೆನಾಡಿನಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಕೇಳಿದರೆ ಸವೆತ, ಕೇಳದಿದ್ದರೆ ಬೂಷ್ಟು. ಇಂಥ ಇಕ್ಕಟ್ಟಿನ ವಸ್ತುವನ್ನು ಏಕೆ ಕೂಡಿಡಬೇಕು, ಹೇಗೆ ಕೇಳಬೇಕು ಎಂಬುದನ್ನು, ಅರವತ್ತರ ದಶಕದ ತಟ್ಟೆಗಳನ್ನೇ ಮುಂದಿಟ್ಟುಕೊಂಡು, ಈ ಹೊತ್ತು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಾನಿರುವುದು ಅತ್ತಿಗುಂಡಿಯಲ್ಲಿ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಏರುವ ದಾರಿಯಲ್ಲಿ, ಕಾಫಿ ತೋಟಗಳ ನಡುವೆ ಇರುವ ಊರು ಇದು. ಸುಮಾರು 1,930 ಮೀಟರು ಎತ್ತರದ ಮುಳ್ಳಯ್ಯನಗಿರಿ ನಮ್ಮ ನೆರೆಯದು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡುವುದಿಲ್ಲ. ಮಳೆ ನಿಂತ ಗಳಿಗೆಯಲ್ಲಿ ಮಂಜು ಮನೆಯೊಳಕ್ಕೇ ನುಗ್ಗುತ್ತದೆ. ಕಾಗದ, ಬಟ್ಟೆ, ಚರ್ಮ, ಮರ ಯಾವುದೂ ಇಲ್ಲಿ ತಂಪಿನಿಂದ ತಪ್ಪಿಸಿಕೊಳ್ಳಲಾರದು. ಹಾಡಿನ ತಟ್ಟೆಗಳನ್ನು ಕಾಯುವುದಕ್ಕೆ ಇದಕ್ಕಿಂತ ಕಷ್ಟದ ಸ್ಥಳ ಬೇರೆ ಬೇಕಿಲ್ಲ. ಆದರೂ ಈ ಸೀಮೆಯ ಹಳೆಯ ಬಂಗಲೆಗಳಲ್ಲಿಯೂ ಮನೆಗಳಲ್ಲಿಯೂ ಅವು ಒಂದು ಕಾಲಕ್ಕೆ ಧಾರಾಳವಾಗಿ ಇದ್ದವು.

ಅರವತ್ತರ ದಶಕದ ತಟ್ಟೆ ಎಂದೊಡನೆ ಒಂದೇ ತೆರನಾದ ವಸ್ತುವನ್ನು ಕಲ್ಪಿಸಿಕೊಳ್ಳಬಾರದು. ಭಾರತದಲ್ಲಿ ಮೊದಲ ಧ್ವನಿಮುದ್ರಣಗಳು ನಡೆದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಅಂದು ಹಾಡಿದವರಲ್ಲಿ ಹೆಸರಾದವರು ಗೌಹರ್ ಜಾನ್. ಆಕೆ ತಮ್ಮ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಆ ಕಾಲದ ತಟ್ಟೆ ಅರಗಿನದು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಿಡಿಸುವ ಅರಗೇ ಅದು. ಅದಕ್ಕೆ ನುಣ್ಣಗೆ ಅರೆದ ಕಲ್ಲಿನ ಪುಡಿಯನ್ನು ಬೆರೆಸಿ, ಕಾಯಿಸಿ, ಅಚ್ಚಿನಲ್ಲಿ ಒತ್ತುತ್ತಿದ್ದರು. ಹತ್ತು ಅಂಗುಲದ ಆ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಯಲ್ಲಿ ಮೂರು ನಿಮಿಷ, ಹೆಚ್ಚೆಂದರೆ ಇನ್ನೊಂದರ್ಧ ನಿಮಿಷದ ಹಾಡು ಹಿಡಿಯುತ್ತಿತ್ತು. ಕೈಜಾರಿದರೆ ಹಪ್ಪಳದಂತೆ ಮುರಿಯುತ್ತಿತ್ತು.

1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ಹನ್ನೆರಡು ಅಂಗುಲದ ತಟ್ಟೆಯನ್ನು ಹೊರತಂದಿತು. ಅದರ ವೇಗ ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು, ಅದೇ ಎಲ್‌ಪಿ. ಮರುವರ್ಷವೇ ಆರ್‌ಸಿಎ ವಿಕ್ಟರ್ ಸಂಸ್ಥೆ ನಿಮಿಷಕ್ಕೆ 45 ಸುತ್ತಿನ, ಏಳು ಅಂಗುಲದ ಪುಟ್ಟ ತಟ್ಟೆಯನ್ನು ತಂದಿತು. ನಮ್ಮ ದೇಶದಲ್ಲಿ ಅರವತ್ತರ ದಶಕವೆಂದರೆ ಈ ಮೂರೂ ಒಟ್ಟಿಗೆ ಬಾಳಿದ ಕಾಲ. ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ ಗ್ರಾಮಾಫೋನ್ ಕಂಪನಿ ಒಂದೆಡೆ ಶಾಸ್ತ್ರೀಯ ಸಂಗೀತದ ಎಲ್‌ಪಿಗಳನ್ನೂ, ಬದಿಗೆರಡರಂತೆ ನಾಲ್ಕು ಚಿತ್ರಗೀತೆಗಳ ಇಪಿಗಳನ್ನೂ ಒತ್ತುತ್ತಿತ್ತು. ಇನ್ನೊಂದೆಡೆ, ಪಶ್ಚಿಮ ದೇಶಗಳು ಆಗಲೇ ಕೈಬಿಟ್ಟಿದ್ದ 78ರ ತಟ್ಟೆಗಳನ್ನೂ ಒತ್ತುತ್ತಲೇ ಇತ್ತು. ಬೀಟಲ್ಸ್ ತಂಡದ ಹಾಡುಗಳು 78ರ ತಟ್ಟೆಯಾಗಿ ಬಂದದ್ದು ಭಾರತದಲ್ಲಿ. ಇಂದು ಹೊರದೇಶದ ಸಂಗ್ರಾಹಕರು ಅವನ್ನು ಹುಡುಕಿಕೊಂಡು ಬರುತ್ತಾರೆ.

ಇದಕ್ಕೆ ಕಾರಣ ಹಳೆಯದರ ಮೇಲಿನ ಮೋಹವಲ್ಲ, ವಿದ್ಯುತ್ತಿಲ್ಲದ ಹಳ್ಳಿಗಳು. ಎಲ್‌ಪಿಗೆ ವಿದ್ಯುತ್ತು ಬೇಕು. 78ರ ತಟ್ಟೆಗೆ ಕೀಲಿ ಕೊಟ್ಟರೆ ಸಾಕು. ನಮ್ಮ ಬೆಟ್ಟಗಳಲ್ಲಿ ಆಗ ತಂತಿ ಕಾಣದ ಮನೆಗಳೇ ಹೆಚ್ಚು. ಹೀಗಾಗಿ ತೋಟದ ಬಂಗಲೆಯಲ್ಲಿ ಕೀಲಿಯ ಪೆಟ್ಟಿಗೆಯೇ ಬಹುಕಾಲ ಆಳಿತು. ಟಾರ್ಚಿನ ಸೆಲ್ಲುಗಳಿಂದ ನಡೆಯುವ ಪುಟ್ಟ ರಿಕಾರ್ಡ್ ಪ್ಲೇಯರುಗಳು ಬಂದಮೇಲೆಯೇ ಇಪಿಗಳು ಬೆಟ್ಟ ಹತ್ತಿದವು. ಜನ ಮಾತ್ರ ಮೂರಕ್ಕೂ ಒಂದೇ ಹೆಸರಿಟ್ಟಿದ್ದರು: ಪ್ಲೇಟು.

ತಟ್ಟೆಯ ಸವೆತದ ಮಾತಿಗೆ ಬರುವ ಮುನ್ನ ಅದು ಹಾಡುವ ಬಗೆಯನ್ನು ತಿಳಿಯಬೇಕು. ತಟ್ಟೆಯ ಮೇಲೆ ಕಾಣುವ ಗೆರೆಗಳು ಅನೇಕವಲ್ಲ. ಅದು ಅಂಚಿನಿಂದ ನಡುವಿನ ಕಡೆಗೆ ಸುತ್ತಿಕೊಂಡು ಹೋಗುವ ಒಂದೇ ಗೆರೆ. ಇಪ್ಪತ್ತು ನಿಮಿಷದ ಎಲ್‌ಪಿ ಬದಿಯೊಂದರಲ್ಲಿ ಅದನ್ನು ಬಿಡಿಸಿ ನೇರ ಮಾಡಿದರೆ ನಾನೂರು ಮೀಟರಿಗೂ ಮೀರುತ್ತದೆ. ಗಾಯಕನ ದನಿ ಗಾಳಿಯನ್ನು ಅಲುಗಿಸಿದಂತೆಯೇ ಆ ಗೆರೆ ಅಕ್ಕಪಕ್ಕಕ್ಕೆ ಅಲುಗಿರುತ್ತದೆ. ಮುಳ್ಳು ಅದರಲ್ಲಿ ನಡೆಯುವಾಗ ಅದೇ ಅಲುಗಾಟವನ್ನು ಮತ್ತೆ ಪಡೆಯುತ್ತದೆ. ಕೀಲಿಯ ಪೆಟ್ಟಿಗೆಯಲ್ಲಿ ಆ ಅಲುಗಾಟ ನೇರವಾಗಿ ಒಂದು ತೆಳುಪೊರೆಯನ್ನು ನಡುಗಿಸಿ ಕಹಳೆಯಿಂದ ದನಿಯಾಗಿ ಹೊರಡುತ್ತದೆ. ವಿದ್ಯುತ್ ಯಂತ್ರದಲ್ಲಿ ಅದು ಮೊದಲು ಕ್ಷೀಣವಾದ ವಿದ್ಯುತ್ತಾಗಿ, ಆಮೇಲೆ ಹಿಗ್ಗಿ ದನಿಯಾಗುತ್ತದೆ.

ಎರಡು ಬಗೆಯ ತಟ್ಟೆಗಳಿಗೂ ಒಂದೇ ಮುಳ್ಳು ಸಲ್ಲದು ಎಂಬುದು ಇದರಿಂದಲೇ ತಿಳಿಯುತ್ತದೆ. 78ರ ಗೆರೆ ಎಲ್‌ಪಿಯ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಕೀಲಿಯ ಪೆಟ್ಟಿಗೆಯ ಉಕ್ಕಿನ ಮುಳ್ಳು ನೂರು ಗ್ರಾಮಿಗೂ ಹೆಚ್ಚು ಭಾರವನ್ನು ಗೆರೆಯ ಮೇಲೆ ಹೇರುತ್ತದೆ. ಅರಗಿನಲ್ಲಿ ಕಲ್ಲುಪುಡಿ ಬೆರೆಸುತ್ತಿದ್ದುದು ಈ ಮುಳ್ಳನ್ನು ಅರೆದು ಗೆರೆಯ ಆಕಾರಕ್ಕೆ ತರಲೆಂದೇ. ಆದ್ದರಿಂದ ಬದಿಗೊಂದರಂತೆ ಮುಳ್ಳು ಬದಲಾಯಿಸಬೇಕೆಂಬ ನಿಯಮವಿತ್ತು. ಮುಳ್ಳಿನ ಡಬ್ಬಿ ಮುಗಿದಾಗ ಪೇಟೆಗೆ ಇಳಿಯಲು ಬೇಸರಪಟ್ಟ ಮನೆಗಳಲ್ಲಿ ಹಳೆಯ ಮುಳ್ಳೇ ಹತ್ತಾರು ತಟ್ಟೆಗಳನ್ನು ಉತ್ತಿರುತ್ತದೆ. ಅಂಥ ತಟ್ಟೆಯ ಹೊಳಪು ಮಾಸಿ ಬೂದುಬಣ್ಣಕ್ಕೆ ತಿರುಗಿರುವುದನ್ನು ಇಂದಿಗೂ ಕಾಣಬಹುದು. ಇನ್ನು ಎಲ್‌ಪಿಗೆ ಹಾಕುವ ವಜ್ರದ ಮೊನೆ ಎರಡು ಮೂರು ಗ್ರಾಮು ಭಾರಕ್ಕಿಂತ ಹೆಚ್ಚು ಕೇಳುವುದಿಲ್ಲ. ವಿನೈಲಿನ ತಟ್ಟೆಯನ್ನು ಕೀಲಿಯ ಪೆಟ್ಟಿಗೆಯ ಮೇಲಿಟ್ಟರೆ ಒಂದೇ ಸಲಕ್ಕೆ ಅದರ ಗೆರೆ ಕಿತ್ತುಹೋಗುತ್ತದೆ.

ಇಷ್ಟೆಲ್ಲ ಜೋಪಾನದಿಂದ ಕೇಳುವಂಥದು ಆ ತಟ್ಟೆಗಳಲ್ಲಿ ಏನಿದೆ ಎಂದು ತಾವು ಕೇಳಬಹುದು. ಕನ್ನಡದ ಮಟ್ಟಿಗೆ ಅರವತ್ತರ ದಶಕ ಚಿತ್ರಗೀತೆಯು ತನ್ನ ಸ್ವಂತ ದನಿಯನ್ನು ಕಂಡುಕೊಂಡ ಕಾಲ. ಜಿ. ಕೆ. ವೆಂಕಟೇಶ್, ಟಿ. ಜಿ. ಲಿಂಗಪ್ಪ, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಇವರು ರಾಗ ಹಾಕಿದರು, ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿ, ಪಿ. ಸುಶೀಲ ಹಾಡಿದರು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಅನಂತರ ರಾಜ್‌ಕುಮಾರ್ ತಾವೇ ಹಾಡುವುದು ರೂಢಿಯಾಯಿತು. ಅದಕ್ಕೆ ಮುಂಚಿನ ರಾಜ್‌ಕುಮಾರರ ಹಾಡು ಎಂದರೆ ಬಹುಮಟ್ಟಿಗೆ ಪಿ. ಬಿ. ಶ್ರೀನಿವಾಸರ ಕಂಠ. ಕವಿತೆಗಳೂ ಈ ದಾರಿಯಲ್ಲಿಯೇ ಪುಸ್ತಕದಿಂದ ಪಡಸಾಲೆಗೆ ನಡೆದುಬಂದವು. 1965ರ ‘ಮಿಸ್ ಲೀಲಾವತಿ’ಯಲ್ಲಿ ಕುವೆಂಪು ಅವರ ಕವಿತೆ, 1967ರ ‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ‘ಬೆಳಗು’ ಹಾಡಾದವು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ಬೆಳ್ಳಿಮೋಡ’ ಚಿತ್ರೀಕರಣಗೊಂಡದ್ದು ನಮ್ಮ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ. ಚಿತ್ರದಲ್ಲಿ ಕಾಣುವ ಮಂಜು ಇಲ್ಲಿಯದು. ಆದರೆ ಹಾಡು ಮುದ್ರಣವಾಗಿ, ಒತ್ತಾಗಿ, ತಟ್ಟೆಯ ರೂಪದಲ್ಲಿ ಇಲ್ಲಿಗೆ ಬರಬೇಕಾದರೆ ಮದರಾಸು, ಕಲ್ಕತ್ತೆಗಳನ್ನು ಸುತ್ತಿಕೊಂಡು ಬರಬೇಕಾಗಿತ್ತು.

ಆಗಿನ ಕನ್ನಡ ಹಾಡುಗಳು ಹೆಚ್ಚಾಗಿ ಮುದ್ರಣವಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ಗಾಯಕರೂ ವಾದ್ಯದವರೂ ಒಂದೇ ಕೋಣೆಯಲ್ಲಿ ಕೂತು, ಒಂದೇ ಉಸಿರಿನಲ್ಲಿ ಹಾಡು ಮುಗಿಸಬೇಕಾಗಿತ್ತು. ಯಾರೊಬ್ಬರು ತಪ್ಪಿದರೂ ಮೊದಲಿನಿಂದ ಹಿಡಿಯಬೇಕು. ಕೊಳಲಿನವರು ಮೈಕಿಗೆ ಎಷ್ಟು ಹತ್ತಿರ, ತಬಲದವರು ಎಷ್ಟು ದೂರ ಎಂಬುದರಿಂದಲೇ ಹಾಡಿನ ತೂಕ ನಿರ್ಧಾರವಾಗುತ್ತಿತ್ತು. ಒಳ್ಳೆಯ ತಟ್ಟೆಯನ್ನು ಗಮನವಿಟ್ಟು ಕೇಳಿದರೆ ಆ ಕೋಣೆಯ ಅಗಲವೇ ಕಿವಿಗೆ ತಾಕುತ್ತದೆ. ಚರಣದ ಕೊನೆಯಲ್ಲಿ ಗಾಯಕಿ ಉಸಿರು ತೆಗೆದುಕೊಳ್ಳುವುದು, ಪಿಟೀಲುಗಳ ಸಾಲು ಕಮಾನು ಎತ್ತುವುದು ಕೇಳುತ್ತದೆ. ಈಚೆಗೆ ಹಳೆಯ ಹಾಡುಗಳನ್ನು ಶುದ್ಧಗೊಳಿಸಿ ಹೊರತರುವಾಗ ತಟ್ಟೆಯ ಚರಪರ ಸದ್ದಿನೊಡನೆ ಈ ಉಸಿರೂ ಒಮ್ಮೊಮ್ಮೆ ತೊಳೆದುಹೋಗುವುದುಂಟು.

ಎಲ್‌ಪಿಯ ಉಪಕಾರ ಬೇರೆಯದೇ. ಮೂರು ನಿಮಿಷದ ತಟ್ಟೆಯಲ್ಲಿ ಖಯಾಲು ಹಾಡುವವರು ರಾಗದ ಸಾರವನ್ನು ಬೊಗಸೆಯಲ್ಲಿ ಹಿಡಿದು ತೋರಿಸಬೇಕಾಗಿತ್ತು. ಅದೂ ಒಂದು ಕಲೆಯೇ. ಮಲ್ಲಿಕಾರ್ಜುನ ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ ತಮ್ಮ ಎಳೆವಯಸ್ಸಿನಲ್ಲಿ ಅದನ್ನು ಸಾಧಿಸಿದವರು. ಆದರೆ ಬದಿಗೆ ಇಪ್ಪತ್ತು ನಿಮಿಷದ ಎಲ್‌ಪಿ ಬಂದ ಮೇಲೆ ಭೀಮಸೇನ ಜೋಶಿಯವರಂಥವರು ವಿಳಂಬಿತದಿಂದ ಹಂತಹಂತವಾಗಿ ರಾಗವನ್ನು ಬೆಳೆಸುವುದನ್ನು ಕಛೇರಿಗಳಿಂದ ದೂರವಿದ್ದ ನಮ್ಮಂಥ ಊರಿನವರೂ ಕೇಳುವಂತಾಯಿತು. ಅದೇ ಜೋಶಿಯವರು 1966ರ ‘ಸಂಧ್ಯಾರಾಗ’ ಚಿತ್ರಕ್ಕೆ ಕನ್ನಡದಲ್ಲಿ ಹಾಡಿದರು. ಅದರಲ್ಲಿ ಬಾಲಮುರಳಿಕೃಷ್ಣರ ಕಂಠವೂ ಇದೆ. ಅ. ನ. ಕೃಷ್ಣರಾಯರ ಕಾದಂಬರಿಯಿಂದ ಹೊರಟ ಈ ಚಿತ್ರದ ಹಾಡುಗಳಲ್ಲಿ ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳು ನೆರೆಹೊರೆಯವರಂತೆ ಕೂಡಿವೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಚಿತ್ರದಲ್ಲಿ ಕೇಳುವ ಹಾಡೂ ತಟ್ಟೆಯಲ್ಲಿರುವ ಹಾಡೂ ಯಾವಾಗಲೂ ಒಂದೇ ಅಲ್ಲ. ತಟ್ಟೆಯ ಅಳತೆಗೆ ಹೊಂದಿಸಲು ಹಾಡನ್ನು ಮೊಟಕು ಮಾಡುವುದಿತ್ತು. ಚಿತ್ರದಲ್ಲಿ ಕತ್ತರಿಸಿದ ಚರಣ ತಟ್ಟೆಯಲ್ಲಿ ಉಳಿದಿರುವುದೂ ಉಂಟು. ಚಿತ್ರಗಳ ಪ್ರತಿಗಳಾದರೋ ಶಾಶ್ವತವಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ದ ಪ್ರತಿಯೇ ಇಂದು ನಮಗೆ ಉಳಿದಿಲ್ಲ. ಚಿತ್ರ ನಾಶವಾದರೂ ಹಾಡು ಉಳಿಯುವುದಿದ್ದರೆ ಅದು ಹೆಚ್ಚಾಗಿ ಯಾರದೋ ಮನೆಯ ತಟ್ಟೆಯಿಂದ. ಆದ್ದರಿಂದ ಅಟ್ಟದ ಮೇಲಿನ ಒಂದು ಪ್ಲೇಟು ಬರಿಯ ಹಳೆಯ ಸಾಮಾನಲ್ಲ, ಅದೊಂದು ದಾಖಲೆ.

ಹೀಗೆ ಬೆಲೆಯುಳ್ಳ ತಟ್ಟೆಗಳು ನನಗೆ ದೊರೆತದ್ದು ಮೂರು ದಾರಿಗಳಿಂದ. ತೋಟ ಮಾರಾಟವಾದಾಗ ಬಂಗಲೆ ಖಾಲಿ ಮಾಡುವವರಿಂದ. ಹಳೆಯ ಕಾಗದ, ಕಬ್ಬಿಣ ಕೊಳ್ಳುವ ಅಂಗಡಿಗಳಿಂದ. ಬೆಂಗಳೂರಿನ ಭಾನುವಾರದ ಹಳೆಯ ಸಾಮಾನಿನ ಸಂತೆಯಿಂದ. ಕೊಳ್ಳುವ ಮುನ್ನ ಮಾಡುವ ಪರೀಕ್ಷೆ ಸರಳವಾದದ್ದು. ತಟ್ಟೆಯನ್ನು ಅಂಚಿನಿಂದ ಹಿಡಿದು ಬೆಳಕಿಗೆ ಓರೆಯಾಗಿಸಿ ನೋಡಬೇಕು. ಕೂದಲೆಳೆಯಂಥ ಗೀರುಗಳಿಗೆ ಅಂಜಬೇಕಿಲ್ಲ. ಉಗುರಿಗೆ ಸಿಗುವ ಗೀರು ಮುಳ್ಳಿಗೂ ಸಿಗುತ್ತದೆ. ನಡುವಿನ ತೂತಿನ ಸುತ್ತ ಚೀಟಿಯ ಮೇಲೆ ಗೀಚಿದ ಗುರುತುಗಳು ದಟ್ಟವಾಗಿದ್ದರೆ ಆ ತಟ್ಟೆಯನ್ನು ನೂರಾರು ಸಲ ಯಂತ್ರಕ್ಕೆ ಏರಿಸಿದ್ದಾರೆಂದು ತಿಳಿಯಬೇಕು. ಕೊನೆಯದಾಗಿ, ಗೆರೆ ಮುಗಿದಲ್ಲಿ ಬರಿದಾದ ಬಳೆಯಂಥ ಜಾಗದಲ್ಲಿ ಸಣ್ಣ ಅಂಕಿಗಳಿರುತ್ತವೆ. ಅವು ಅಚ್ಚಿನ ಗುರುತು. ಚೀಟಿ ಹರಿದುಹೋಗಿದ್ದರೂ ಆ ಅಂಕಿಗಳಿಂದ ಹಾಡು ಯಾವುದೆಂದು ಪತ್ತೆಮಾಡಲು ಸಾಧ್ಯ.

ತಂದ ತಟ್ಟೆಯನ್ನು ಮಳೆಗಾಲದಲ್ಲಿ ಉಳಿಸುವುದೇ ದೊಡ್ಡ ಕೆಲಸ. ಬೂಷ್ಟು ವಿನೈಲನ್ನು ತಿಂದು ಬದುಕುವುದಿಲ್ಲ. ಬೆರಳಿನ ಜಿಡ್ಡು, ಧೂಳು, ಹೊದಿಕೆಯ ಕಾಗದ, ಅಂಟು ಇವೇ ಅದಕ್ಕೆ ಆಹಾರ. ಆದ್ದರಿಂದ ಮೊದಲ ಮದ್ದು ಶುಚಿತ್ವ. ಬಟ್ಟಿಯಿಳಿಸಿದ ನೀರಿಗೆ ಒಂದೆರಡು ತೊಟ್ಟು ಸೌಮ್ಯವಾದ ಸಾಬೂನು ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಗೆರೆಯ ದಿಕ್ಕಿನಲ್ಲಿಯೇ ಒರೆಸಿ, ಬರಿಯ ನೀರಿನಿಂದ ಮತ್ತೆ ತೊಳೆಯಬೇಕು. ನಡುವಿನ ಚೀಟಿಗೆ ನೀರು ತಾಕಬಾರದು. ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಸ್ಪಿರಿಟ್ಟನ್ನು 78ರ ತಟ್ಟೆಗೆ ಮುಟ್ಟಿಸಲೇಬಾರದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಒರೆಸಿದ ಬಟ್ಟೆಗೆ ಹಾಡೇ ಮೆತ್ತಿಕೊಂಡು ಬರುತ್ತದೆ.

ಕಾಫಿ ಬೆಳೆಯುವ ನಮಗೆ ಒಣಗಿಸುವುದೆಂದರೆ ಕಣ, ಕಣವೆಂದರೆ ಬಿಸಿಲು. ತಟ್ಟೆಯ ಮಟ್ಟಿಗೆ ಈ ರೂಢಿಯನ್ನು ಮರೆಯಬೇಕು. ಬಿಸಿಲಿನಲ್ಲಿಟ್ಟ ವಿನೈಲ್ ದೋಣಿಯಂತೆ ಸೊಟ್ಟಗಾಗುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಂದಿನ ಹದಕ್ಕೆ ಬರುವುದಿಲ್ಲ. ಒಲೆಯ ಮೇಲಣ ಅಟ್ಟ ಒಣಗಿದ ಜಾಗವೇನೋ ಹೌದು, ಆದರೆ ಶಾಖ ಮತ್ತು ಹೊಗೆಯ ಮಸಿ ಎರಡೂ ಅಲ್ಲಿವೆ. ನೆರಳಿನಲ್ಲಿ, ಗಾಳಿಯಲ್ಲಿ ಆರಿಸಬೇಕು. ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಬಾಗುತ್ತವೆ, ಅರಗಿನವಾದರೆ ಬಿರಿಯುತ್ತವೆ. ಹೊರಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ ಕಪಾಟಿರಬೇಕು. ಬಿಗಿಯಾದ ಪ್ಲಾಸ್ಟಿಕ್ ಚೀಲ ತಂಪನ್ನು ಒಳಗೇ ಕಟ್ಟಿಹಾಕುತ್ತದೆ. ಹಳೆಯ ಹೊದಿಕೆಯನ್ನು ಬೇರೆಯಾಗಿಟ್ಟು, ತಟ್ಟೆಗೆ ಹೊಸ ಕಾಗದದ ಹೊದಿಕೆ ಕೊಡುವುದು ಮೇಲು.

ಇಷ್ಟಾದರೂ ಬೂಷ್ಟು ಬರುತ್ತದೆ. ಅದು ಬಂದಿದೆಯೆಂದು ತಿಳಿಯುವುದಾದರೂ ಹೇಗೆ? ತಟ್ಟೆಯನ್ನು ಹೊರತೆಗೆದಾಗ ಮಾತ್ರ. ತೆಗೆದ ಮೇಲೆ ಕೇಳದೆ ಇಡುವುದೇಕೆ? ಮಳೆ ಹಿಡಿಯುವ ಮುನ್ನ ಒಮ್ಮೆ, ಮಳೆ ಬಿಟ್ಟಮೇಲೆ ಒಮ್ಮೆ, ಪ್ರತಿಯೊಂದು ತಟ್ಟೆಯನ್ನೂ ತೆಗೆದು, ಒರೆಸಿ, ಒಂದು ಬದಿಯನ್ನಾದರೂ ಕೇಳುವ ಕ್ರಮವನ್ನು ನಾನು ಇಟ್ಟುಕೊಂಡಿದ್ದೇನೆ. ಒಂದು ಪುಸ್ತಕದಲ್ಲಿ ತಟ್ಟೆಯ ಸಂಖ್ಯೆ, ಹಾಡು, ಹಾಡಿದವರು, ಕೇಳಿದ ದಿನ, ಅಂದಿನ ಸ್ಥಿತಿ ಇವನ್ನು ಬರೆದಿಡುತ್ತೇನೆ. ಸರಿಯಾದ ಮೊನೆ, ಹಗುರವಾದ ತೋಳು ಇದ್ದರೆ ವರ್ಷಕ್ಕೆ ಎರಡು ಸಲದ ಸವೆತ ಲೆಕ್ಕಕ್ಕಿಲ್ಲ. ಎರಡು ಮಳೆಗಾಲದ ಮರೆವು ಮಾತ್ರ ತಟ್ಟೆಯನ್ನು ಮುಗಿಸಬಲ್ಲದು. ನಮ್ಮ ಸೀಮೆಯಲ್ಲಿ ಕೇಳುವುದೇ ಕಾಯುವ ವಿಧಾನ ಎಂದು ನಾನು ಹೇಳುವುದು ಈ ಲೆಕ್ಕದಿಂದ.

ಈ ಕ್ರಮದಲ್ಲಿ ಕೇಳುವಾಗ ಒಬ್ಬನೇ ಕೇಳಬೇಕೆಂದಿಲ್ಲ. ಒಂದು ಸಲ, ಬಹುಕಾಲ ತೋಟದಲ್ಲಿ ಹಣ್ಣು ಕೊಯ್ದ ಹಿರಿಯ ಹೆಂಗಸೊಬ್ಬರು ನಮ್ಮ ಜಗುಲಿಯಲ್ಲಿ ಕೂತಿದ್ದಾಗ ಅರವತ್ತರ ದಶಕದ ಹಾಡೊಂದು ನಡೆಯುತ್ತಿತ್ತು. ಅದು ಮುಗಿದೊಡನೆ ಅವರು, “ಇನ್ನೊಂದು ಸೊಲ್ಲು ಐತಲ್ಲ, ಅದೆಲ್ಲಿ ಹೋಯ್ತು?” ಎಂದರು, ಟೆಂಟು ಸಿನಿಮಾದಲ್ಲಿ ಕೇಳಿ ನೆನಪಿಟ್ಟಿದ್ದ ಆ ಚರಣವನ್ನು ಮೆಲ್ಲಗೆ ಹಾಡಿಯೂ ತೋರಿಸಿದರು. ತಟ್ಟೆಯಲ್ಲಿ ಅದು ಇರಲಿಲ್ಲ. ಬಂಗಲೆಯ ಪ್ಲೇಟು ಸಾಹುಕಾರರದಾಗಿದ್ದರೂ ಹಾಡು ಅಂಗಳದಾಚೆಗೂ ಹೋಗುತ್ತಿತ್ತು. ಕೇಳಿದವರಲ್ಲಿ ಕೊಂಡವರಿಗಿಂತ ಕೊಳ್ಳಲಾರದವರೇ ಹೆಚ್ಚು. ಆ ಚರಣವನ್ನೂ ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ತಟ್ಟೆ ಉಳಿಸಿದ್ದನ್ನು ತಟ್ಟೆಯಿಂದ, ನೆನಪು ಉಳಿಸಿದ್ದನ್ನು ನೆನಪಿನಿಂದ ಕೂಡಿಸಬೇಕು. ಆ ತಲೆಮಾರಿನವರು ನಮ್ಮ ನಡುವೆ ಇರುವಾಗಲೇ ಇದು ಆಗಬೇಕಾದ ಕೆಲಸ.

ಎಲ್ಲವನ್ನೂ ಗಣಕಯಂತ್ರಕ್ಕೆ ಇಳಿಸಿಬಿಟ್ಟರೆ ತಟ್ಟೆಯ ಹಂಗೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇಳಿಸಲೇಬೇಕು. ಶುಚಿ ಮಾಡಿದ ತಟ್ಟೆಯಿಂದ, ಸರಿಯಾದ ಮೊನೆಯಿಂದ ಒಂದು ಪ್ರತಿ ತೆಗೆದಿಟ್ಟರೆ ದಿನವೂ ಕೇಳುವ ಆಸೆಗೆ ಅದು ಸಾಕು. ತಟ್ಟೆಗೆ ಬಿಡುವು ಸಿಗುತ್ತದೆ. ಅಂದಿನ ಕನ್ನಡ ಚಿತ್ರಗೀತೆಗಳ ತಟ್ಟೆಗಳು ಒಂದೇ ವಾಹಿನಿಯವು. ಪ್ರತಿ ತೆಗೆಯುವಾಗ ಎಡ ಬಲ ಎರಡನ್ನೂ ಒಂದಾಗಿ ಕೂಡಿಸಿದರೆ ಧೂಳಿನ ಸದ್ದು ಬಹಳ ಮಟ್ಟಿಗೆ ತಗ್ಗುತ್ತದೆ. ಆದರೆ ಪ್ರತಿಯನ್ನು ಮತ್ತೆ ಮತ್ತೆ ಹೊಸ ಯಂತ್ರಗಳಿಗೆ ದಾಟಿಸುತ್ತಲೇ ಇರಬೇಕು. 1978ರಲ್ಲಿ ಬಂದ ‘ನಿತ್ಯೋತ್ಸವ’ ಕ್ಯಾಸೆಟ್ಟು ಭಾವಗೀತೆಯನ್ನು ಮನೆಮನೆಗೆ ಕೊಂಡೊಯ್ದಿತು. ಇಂದು ಕ್ಯಾಸೆಟ್ಟನ್ನು ನುಡಿಸುವ ಯಂತ್ರವೇ ಅಪರೂಪ. ಎಂಬತ್ತು ವರ್ಷದ ತಟ್ಟೆಯಾದರೋ ಒಂದು ಮುಳ್ಳು, ತಿರುಗುವ ಒಂದು ಪೀಠ ಇದ್ದರೆ ಇಂದಿಗೂ ದನಿ ಕೊಡುತ್ತದೆ. ತಟ್ಟೆ ಮೂಲ, ಉಳಿದವು ನಕಲು. ನಕಲು ಕೈಕೊಟ್ಟ ದಿನ ಮೂಲದ ಬಳಿಗೇ ಹೋಗಬೇಕು.

ಹೊಸಗಾಲದವರೂ ಇದನ್ನು ಕಂಡುಕೊಂಡಂತಿದೆ. ಅಮೆರಿಕದಲ್ಲಿ 2022ರಲ್ಲಿ, 1987ರ ಅನಂತರ ಮೊದಲ ಬಾರಿಗೆ, ವಿನೈಲ್ ತಟ್ಟೆಗಳು ಸಿಡಿಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದವು. ನಮ್ಮ ನಗರಗಳಲ್ಲಿಯೂ ಹಳೆಯ ತಟ್ಟೆಗಳಿಗೆ ಬೆಲೆ ಏರಿದೆ. ಬೆಲೆ ಏರಿದ್ದರಿಂದ ಕೆಲವು ತಟ್ಟೆಗಳು ಗುಜರಿಯಿಂದ ಪಾರಾದವು. ಕೆಲವನ್ನು ಗೋಡೆಯ ಗಡಿಯಾರ ಮಾಡಿ ಮಾರುತ್ತಾರೆ. ಹಿಂದಿ ಚಿತ್ರಗಳ ತಟ್ಟೆಗಳನ್ನು ಕಾಯುವವರು ದೇಶದುದ್ದಕ್ಕೂ ಇದ್ದಾರೆ. ಕನ್ನಡದ ತಟ್ಟೆಗಳನ್ನು ಕಾಯಬೇಕಾದವರು ಕನ್ನಡಿಗರು.

ಆದ್ದರಿಂದ ನನ್ನ ವಿನಂತಿ ಸಣ್ಣದು. ನಿಮ್ಮ ಮನೆಯ ಅಟ್ಟದಲ್ಲೋ ಮಂಚದ ಕೆಳಗೋ ಹಳೆಯ ಪ್ಲೇಟುಗಳ ಪೆಟ್ಟಿಗೆಯಿದ್ದರೆ ಮುಂದಿನ ಮಳೆಗಾಲಕ್ಕೆ ಮುನ್ನ ಅದನ್ನು ತೆರೆಯಿರಿ. ನುಡಿಸುವ ಯಂತ್ರ ನಿಮ್ಮಲ್ಲಿಲ್ಲದಿದ್ದರೆ ಇರುವವರನ್ನು ಹುಡುಕಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಬದಿಯನ್ನು ಪೂರ್ತಿಯಾಗಿ ಕೇಳಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ. ಆಮೇಲೆ ತಟ್ಟೆಯನ್ನು ಒರೆಸಿ, ನೆಟ್ಟಗೆ ನಿಲ್ಲಿಸಿ.